ಡಿಜಿಟಲ್ ಸಹಿ ಹಾಕಿದ ಮೇಲ್ ಕೆಲವರಿಗೆ ಖಾಲಿ, ಕೆಲವರಿಗೆ ಕೆಂಪು ಗುರುತು: ಔಟ್‌ಲುಕ್, ಜಿಮೇಲ್, ಥಂಡರ್‌ಬರ್ಡ್

ಟೋಕನ್_ಕೀಲಿ (ಪ್ರಶ್ನೆ)

ನಮಸ್ಕಾರ. ಕಚೇರಿಯಿಂದ ಹೋಗುವ ದರಪಟ್ಟಿ, ಖರೀದಿ ಆದೇಶದ ಮೇಲ್‌ಗಳಿಗೆಲ್ಲ ಡಿಎಸ್‌ಸಿಯಿಂದ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಸಹಿ ಹಾಕಬೇಕೆಂದು ತೀರ್ಮಾನವಾಗಿದೆ. ಸಲಕರಣೆ ಇಷ್ಟು: ವಿಂಡೋಸ್ 11, ಔಟ್‌ಲುಕ್ 2021 ಡೆಸ್ಕ್‌ಟಾಪ್, ಕ್ಲಾಸ್ 3 ಸಹಿ ಸರ್ಟಿಫಿಕೇಟ್, ಇಪಾಸ್2003 ಯುಎಸ್‌ಬಿ ಟೋಕನ್, ಮೇಲ್ ಸರ್ವರ್ ನಮ್ಮದೇ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್. ಕಳಿಸುವಾಗ ಟೋಕನ್ ಪಿನ್ ಕೇಳುತ್ತದೆ, ಮೇಲ್ ಹೋಗುತ್ತದೆ, ಸೆಂಟ್ ಐಟಮ್ಸ್‌ನಲ್ಲಿ ಕೆಂಪು ರಿಬ್ಬನ್ ಕೂಡ ಕಾಣುತ್ತದೆ. ತಲುಪಿದ ಕಡೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ:

1. ಜಿಮೇಲ್‌ನವರಿಗೆ ಮೇಲ್ ಪೂರ್ತಿ ಖಾಲಿ. ಎಸ್‌ಮೈಮ್.ಪಿ7ಎಮ್ ಎಂಬ ಲಗತ್ತು ಮಾತ್ರ.
2. ಥಂಡರ್‌ಬರ್ಡ್‌ನಲ್ಲಿ ಬರಹ ಕಾಣುತ್ತದೆ, ಸಹಿ ಅಮಾನ್ಯ ಎನ್ನುತ್ತದೆ.
3. ಬೇರೆ ಕಂಪನಿಯ ಔಟ್‌ಲುಕ್‌ನಲ್ಲಿ ಒಂದು ಮೇಲ್ ಸರಿ, ಇನ್ನೊಂದು ಕೆಂಪು ಪಟ್ಟಿ.
4. ಆಪಲ್ ಮೇಲ್ ಬಳಸುವ ಒಬ್ಬರಿಗೆ ವಿನ್‌ಮೇಲ್.ಡ್ಯಾಟ್ ಬರುತ್ತಿದೆ.

ಎಲ್ಲರಿಗೂ ಹೊಂದುವ ಒಂದೇ ಸೆಟ್ಟಿಂಗ್ ಇದೆಯೇ? ಅಥವಾ ತೆಗೆದುಕೊಳ್ಳುವವರೇ ಏನಾದರೂ ಮಾಡಿಕೊಳ್ಳಬೇಕೇ?

---

ಹೆಡರ್_ಓದುಗ

ನಾಲ್ಕಕ್ಕೂ ಕಾರಣ ಬೇರೆ ಬೇರೆ. 1 ಮತ್ತು 4 ನಿಮ್ಮ ಕಡೆಯ ತೊಂದರೆ, ಎರಡು ನಿಮಿಷದ ಕೆಲಸ. ಮೊದಲು ಅವನ್ನು ಮುಗಿಸಿ.

ಎಸ್/ಮೈಮ್ ಎಂದರೆ ಸರ್ಟಿಫಿಕೇಟ್‌ನಿಂದ ಮೇಲ್‌ಗೆ ಸಹಿ ಹಾಕುವ ಪದ್ಧತಿ; ಅದರ ಸಹಿಯನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಒಂದರಲ್ಲಿ ಮೇಲ್‌ನ ಒಡಲು ಇದ್ದ ಹಾಗೇ ಇರುತ್ತದೆ, ಸಹಿ ಎಸ್‌ಮೈಮ್.ಪಿ7ಎಸ್ ಎಂಬ ಪುಟ್ಟ ಲಗತ್ತಾಗಿ ಬೆನ್ನ ಹಿಂದೆ ಬರುತ್ತದೆ. ಹೆಡರ್‌ನಲ್ಲಿ (ಮೇಲ್‌ನ ಮೂಲದಲ್ಲಿ ಒಡಲಿಗಿಂತ ಮೇಲಿರುವ ತಾಂತ್ರಿಕ ಸಾಲುಗಳು) ಮಲ್ಟಿಪಾರ್ಟ್/ಸೈನ್ಡ್ ಎಂದಿದ್ದರೆ ಅದು ಈ ಬಗೆ. 1995ರ ಆರ್‌ಎಫ್‌ಸಿ 1847 ಎಂಬ ಇಂಟರ್ನೆಟ್ ಮಾನದಂಡ ಹಾಕಿಕೊಟ್ಟ ಕ್ರಮ. ಸಹಿ ಎಂದರೇನೆಂದೇ ತಿಳಿಯದ ಸಾಫ್ಟ್‌ವೇರ್ ಕೂಡ ಬರಹವನ್ನು ತೋರಿಸುತ್ತದೆ, ಜೊತೆಗೊಂದು ಅಪರಿಚಿತ ಲಗತ್ತು ಇದೆ ಎನ್ನುತ್ತದೆ, ಅಷ್ಟೆ. ಇನ್ನೊಂದು ಬಗೆಯಲ್ಲಿ ಒಡಲು, ಸಹಿ, ಸರ್ಟಿಫಿಕೇಟ್ ಮೂರನ್ನೂ ಒಂದೇ ಗಂಟು ಕಟ್ಟಿ .ಪಿ7ಎಮ್ ಮಾಡುತ್ತಾರೆ. ಗಂಟು ಬಿಚ್ಚಲು ಬಾರದವರಿಗೆ ಕಾಣುವುದು ಗಂಟು ಮಾತ್ರ. ನಿಮ್ಮ ಜಿಮೇಲ್‌ನವರಿಗೆ ಆಗಿರುವುದು ಇದು. ಉಚಿತ ಜಿಮೇಲ್ ಎಸ್/ಮೈಮ್ ಗಂಟನ್ನು ಬಿಚ್ಚುವುದಿಲ್ಲ.

ಇನ್ನೊಂದು ಗೊಂದಲವೂ ಇಲ್ಲೇ ಹುಟ್ಟುತ್ತದೆ. ಗುಪ್ತಲಿಪಿ ಮಾಡಿದ ಮೇಲ್ ಕೂಡ ಇದೇ ಎಸ್‌ಮೈಮ್.ಪಿ7ಎಮ್ ಹೆಸರಿನಲ್ಲೇ ಬರುತ್ತದೆ. ಹಾಗಾಗಿ ಎದುರಿನವರು 'ಪಾಸ್‌ವರ್ಡ್ ಕಳಿಸಿ' ಎನ್ನುತ್ತಾರೆ. ಬರೀ ಸಹಿ ಹಾಕಿದ ಗಂಟಿಗೆ ಪಾಸ್‌ವರ್ಡ್ ಇರುವುದೇ ಇಲ್ಲ; ಹೆಡರ್‌ನಲ್ಲಿ ಎಸ್‌ಮೈಮ್-ಟೈಪ್ ಮುಂದೆ ಸೈನ್ಡ್-ಡೇಟಾ ಎಂದಿದೆಯೋ ಎನ್‌ವೆಲಪ್ಡ್-ಡೇಟಾ ಎಂದಿದೆಯೋ ನೋಡಿದರೆ ತಿಳಿಯುತ್ತದೆ.

ಔಟ್‌ಲುಕ್‌ನಲ್ಲಿ ಸರಿಪಡಿಸುವುದು: ಫೈಲ್ > ಆಪ್ಷನ್ಸ್ > ಟ್ರಸ್ಟ್ ಸೆಂಟರ್ > ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್ > ಇಮೇಲ್ ಸೆಕ್ಯುರಿಟಿ. ಅಲ್ಲಿ 'ಸೆಂಡ್ ಕ್ಲಿಯರ್ ಟೆಕ್ಸ್ಟ್ ಸೈನ್ಡ್ ಮೆಸೇಜ್' ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿ. ಟಿಕ್ ಇಲ್ಲದಿದ್ದರೆ ಗಂಟು, ಇದ್ದರೆ ಬಿಡಿ ಸಹಿ. ಅದೇ ಪುಟದ ಸೆಟ್ಟಿಂಗ್ಸ್ ಬಟನ್ ಒತ್ತಿ, ಹ್ಯಾಷ್ ಎಸ್‌ಎಚ್‌ಎ256 ಇದೆಯೇ ನೋಡಿ (ಎಸ್‌ಎಚ್‌ಎ1 ಇದ್ದರೆ ಬದಲಿಸಿ), ಕೊನೆಯಲ್ಲಿರುವ 'ಸೆಂಡ್ ದೀಸ್ ಸರ್ಟಿಫಿಕೇಟ್ಸ್ ವಿತ್ ಸೈನ್ಡ್ ಮೆಸೇಜಸ್' ಟಿಕ್ ಇರಲೇಬೇಕು. ಅದು ತಪ್ಪಿದರೆ ಸಹಿ ಹೋಗುತ್ತದೆ, ಸಹಿ ಯಾರದೆಂದು ನೋಡಲು ಬೇಕಾದ ಸರ್ಟಿಫಿಕೇಟ್ ಮನೆಯಲ್ಲೇ ಉಳಿಯುತ್ತದೆ.

ವಿನ್‌ಮೇಲ್.ಡ್ಯಾಟ್‌ಗೆ ಕಾರಣ ರಿಚ್ ಟೆಕ್ಸ್ಟ್. ಆ ರೂಪದ ಮೇಲ್ ಔಟ್‌ಲುಕ್‌ನ ಸ್ವಂತ ಟಿಎನ್‌ಇಎಫ್ ಪೊಟ್ಟಣದಲ್ಲಿ ಹೋಗುತ್ತದೆ. ಸಹಿ ಇಲ್ಲದ ಮೇಲ್ ಆಗಿದ್ದರೆ ಎಕ್ಸ್‌ಚೇಂಜ್ ದಾರಿಯಲ್ಲಿ ಅದನ್ನು ಎಚ್‌ಟಿಎಮ್‌ಎಲ್ ಮಾಡಿ ಕಳಿಸಬಲ್ಲದು. ಸಹಿ ಬಿದ್ದ ಮೇಲೆ ಒಳಗೆ ಕೈ ಹಾಕುವಂತಿಲ್ಲ, ಪೊಟ್ಟಣ ಹಾಗೇ ಹೋಗುತ್ತದೆ. ಫೈಲ್ > ಆಪ್ಷನ್ಸ್ > ಮೇಲ್‌ನಲ್ಲಿ ಹೊಸ ಮೇಲ್‌ನ ರೂಪ ಎಚ್‌ಟಿಎಮ್‌ಎಲ್ ಅಥವಾ ಪ್ಲೇನ್ ಟೆಕ್ಸ್ಟ್ ಮಾಡಿ. ಆ ಒಬ್ಬರಿಗೆ ಮಾತ್ರ ಹೀಗಾಗುತ್ತಿದೆ ಎಂದರೆ ಅವರ ಕಾಂಟ್ಯಾಕ್ಟ್‌ನಲ್ಲಿ ವಿಳಾಸದ ಮೇಲೆ ಡಬಲ್ ಕ್ಲಿಕ್ ಮಾಡಿ, ಇಂಟರ್ನೆಟ್ ಫಾರ್ಮ್ಯಾಟ್ ರಿಚ್ ಟೆಕ್ಸ್ಟ್‌ಗೆ ಅಂಟಿಕೊಂಡಿದೆಯೇ ನೋಡಿ.

ಈಗಾಗಲೇ ಖಾಲಿಯಾಗಿ ತಲುಪಿದ ಮೇಲ್‌ಗಳು ಹಾಳಾಗಿಲ್ಲ. ಜಿಮೇಲ್‌ನಲ್ಲಿ ಮೂರು ಚುಕ್ಕೆ > ಶೋ ಒರಿಜಿನಲ್ > ಡೌನ್‌ಲೋಡ್ ಒರಿಜಿನಲ್. ಬರುವ .ಇಎಮ್‌ಎಲ್ ಕಡತವನ್ನು ಥಂಡರ್‌ಬರ್ಡ್‌ನಲ್ಲಿ ತೆರೆದರೆ ಬರಹ ಸಿಗುತ್ತದೆ. ಲಗತ್ತಿನ .ಪಿ7ಎಮ್ ಒಂದನ್ನೇ ಇಳಿಸಿಕೊಂಡು ಹೆಸರು ಬದಲಿಸಿ ಪರದಾಡುವುದು ಬೇಡ.

---

ಚೈನ್_ನೋಡಿ

2ನೆಯದಕ್ಕೆ ನನ್ನ ಉತ್ತರ. ಥಂಡರ್‌ಬರ್ಡ್‌ನವರು 'ಅಮಾನ್ಯ' ಎಂದಷ್ಟೇ ಹೇಳಿದರೆ ಸಾಲದು. ಮೇಲ್‌ನ ಮೇಲ್ಭಾಗದಲ್ಲಿರುವ ಎಸ್/ಮೈಮ್ ಗುರುತನ್ನು ಒತ್ತಿ, ಅಲ್ಲಿ ಬರುವ ವಾಕ್ಯವನ್ನು ಓದಿ ಹೇಳಲಿ. ಅದರಲ್ಲಿ ಮುಖ್ಯವಾಗಿ ಮೂರು ಬಗೆ: ಸರ್ಟಿಫಿಕೇಟ್ ಕೊಟ್ಟವರನ್ನು ನಾನು ನಂಬುವುದಿಲ್ಲ; ಸರ್ಟಿಫಿಕೇಟ್‌ನಲ್ಲಿರುವ ವಿಳಾಸ ಬೇರೆ, ಕಳಿಸಿದ ವಿಳಾಸ ಬೇರೆ; ಸಹಿಯಾದ ಮೇಲೆ ಬರಹ ಬದಲಾಗಿದೆ. ಮೂರಕ್ಕೂ ಕಾಣುವ ಗುರುತು ಹೆಚ್ಚುಕಡಿಮೆ ಒಂದೇ, ಮದ್ದು ಪೂರ್ತಿ ಬೇರೆ. ಭಾರತದ ಡಿಎಸ್‌ಸಿ ಆದರೆ ಬಹುತೇಕ ಮೊದಲನೆಯದು.

ಕಾರಣ ಹೀಗೆ. ನಮ್ಮ ಲೈಸೆನ್ಸ್ ಪಡೆದ ಸಿಎಗಳೆಲ್ಲ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು) ಐಟಿ ಕಾಯಿದೆ 2000ರ ಅಡಿಯ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ (ಸಿಸಿಎ) ಕೆಳಗೆ ಬರುತ್ತವೆ. ಸರಪಳಿಯ ತುದಿಯಲ್ಲಿ 'ಸಿಸಿಎ ಇಂಡಿಯಾ' ಎಂಬ ರೂಟ್ (ಮೂಲ ಸರ್ಟಿಫಿಕೇಟ್), ಅದರ ಕೆಳಗೆ ಸಿಎ, ಹಲವು ಸಲ ಅದರ ಕೆಳಗೆ ಉಪ ಸಿಎ, ಕೊನೆಗೆ ನೀವು. ಥಂಡರ್‌ಬರ್ಡ್ ವಿಂಡೋಸ್‌ನ ನಂಬಿಕೆಪಟ್ಟಿಯನ್ನು ಆಧರಿಸುವುದಿಲ್ಲ, ಮೊಜಿಲ್ಲಾದ ಸ್ವಂತ ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಸಿಸಿಎ ಇಂಡಿಯಾ ಇಲ್ಲ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಸಿಎ ಮೂಲಕ ಗೂಗಲ್ ಡೊಮೈನ್‌ಗಳ ಹೆಸರಿಗೆ ಅನಧಿಕೃತ ಸರ್ಟಿಫಿಕೇಟ್ ಹೊರಬಿದ್ದಾಗ ವಿಂಡೋಸ್ ಬಳಸುವವರಿಗೆ ಅಪಾಯವಿದ್ದು ಅದೇ ಮೊಜಿಲ್ಲಾ ಪಟ್ಟಿ ಬಳಸುವ ಫೈರ್‌ಫಾಕ್ಸ್‌ನವರಿಗೆ ಇಲ್ಲದ್ದು ಇದೇ ಕಾರಣಕ್ಕೆ. ಆಗ ಕಾಪಾಡಿದ್ದೇ ಈಗ ನಿಮ್ಮ ಸಹಿಗೆ ಅಡ್ಡ ಬರುತ್ತಿದೆ.

ನಿಮ್ಮ ಗಣಕದಲ್ಲಿ ಎಲ್ಲ ಸರಿ ಕಾಣುವುದಕ್ಕೆ ಮರುಳಾಗಬೇಡಿ. ಟೋಕನ್ ಸಾಫ್ಟ್‌ವೇರ್ ಹಾಕುವಾಗ ಸಾಮಾನ್ಯವಾಗಿ ಸರಪಳಿಯನ್ನೂ ಸೇರಿಸಿರುತ್ತಾರೆ. ಎದುರಿನವರ ಗಣಕದಲ್ಲಿ ಅದೆಲ್ಲ ಎಲ್ಲಿಂದ ಬರಬೇಕು?

ಥಂಡರ್‌ಬರ್ಡ್‌ನವರು ಮಾಡಬೇಕಾದದ್ದು:

ಸೆಟ್ಟಿಂಗ್ಸ್ > ಪ್ರೈವಸಿ ಅಂಡ್ ಸೆಕ್ಯುರಿಟಿ > ಮ್ಯಾನೇಜ್ ಸರ್ಟಿಫಿಕೇಟ್ಸ್ > ಅಥಾರಿಟೀಸ್ > ಇಂಪೋರ್ಟ್. ಸಿಸಿಎ ಜಾಲತಾಣದಿಂದ ನಿಮ್ಮ ಸರಪಳಿಯ ರೂಟ್ ಇಳಿಸಿಕೊಂಡು ಸೇರಿಸಿ, ಕೇಳಿದಾಗ ಇಮೇಲ್ ಬಳಕೆದಾರರನ್ನು ಗುರುತಿಸಲು ನಂಬುವ ಸಾಲಿಗೆ ಮಾತ್ರ ಟಿಕ್ ಹಾಕಿ. ವೆಬ್‌ಸೈಟ್‌ಗಳ ಸಾಲಿಗೆ ಟಿಕ್ ಬೇಡ, ಮೇಲ್ ಓದಲು ಅದರ ಅಗತ್ಯವಿಲ್ಲ. ಒಪ್ಪುವ ಮುಂಚೆ ವ್ಯೂ ಒತ್ತಿ ಎಸ್‌ಎಚ್‌ಎ-256 ಬೆರಳಚ್ಚನ್ನು (ಸರ್ಟಿಫಿಕೇಟ್ ಅದೇ ಎಂದು ತಿಳಿಸುವ ಗುರುತು) ತಾಳೆ ನೋಡಿ. ರೂಟ್ ಕಡತವನ್ನು ಮೇಲ್‌ನಲ್ಲಿ ಕಳಿಸಿ 'ಇದನ್ನು ಹಾಕಿಕೊಳ್ಳಿ' ಎನ್ನುವ ಅಭ್ಯಾಸ ಬೇಡವೇ ಬೇಡ. ನಾಳೆ ಕಳ್ಳನೂ ಅದನ್ನೇ ಹೇಳುತ್ತಾನೆ.

ಯಾವ ರೂಟ್ ಎಂಬುದೂ ಮುಖ್ಯ. ಸಿಸಿಎ ಇಂಡಿಯಾ 2014, ಸಿಸಿಎ ಇಂಡಿಯಾ 2022 ಹೀಗೆ ಬೇರೆ ಬೇರೆ ಇವೆ. 2014ರದ್ದರ ಅವಧಿ 2024ರ ಮಾರ್ಚ್‌ನಲ್ಲೇ ಮುಗಿದಿದೆ. ನಿಮ್ಮ ಸರ್ಟಿಫಿಕೇಟ್ ತೆರೆದು ಸರ್ಟಿಫಿಕೇಶನ್ ಪಾತ್ ಹಾಳೆಯ ತುದಿಯಲ್ಲಿರುವ ಹೆಸರು ಯಾವುದೋ ಅದೇ ಬೇಕು. ಮಧ್ಯದ ಸಿಎ, ಉಪ ಸಿಎಗಳನ್ನೂ ಸೇರಿಸಿ. ಮಧ್ಯದ ಕೊಂಡಿ ಕಾಣದಿದ್ದರೆ ವಿಂಡೋಸ್ ಸರ್ಟಿಫಿಕೇಟ್‌ನೊಳಗಿನ ವಿಳಾಸ ನೋಡಿ ತಾನೇ ಹೋಗಿ ತರುತ್ತದೆ. ಥಂಡರ್‌ಬರ್ಡ್ ತರುವುದಿಲ್ಲ. ರೂಟ್ ಹಾಕಿದರೂ ಸರಿಹೋಗಲಿಲ್ಲ ಎನ್ನುವವರ ಕಥೆ ಬಹುತೇಕ ಇದೇ.

ಥಂಡರ್‌ಬರ್ಡ್‌ನಿಂದಲೇ ಸಹಿ ಹಾಕುವವರೂ ನಿಮ್ಮಲ್ಲಿದ್ದರೆ: ಅದೇ ಪುಟದಲ್ಲಿ ಸೆಕ್ಯುರಿಟಿ ಡಿವೈಸಸ್ > ಲೋಡ್ ಒತ್ತಿ ಟೋಕನ್‌ನ ಪಿಕೆಸಿಎಸ್ 11 ಕಡತ (ಟೋಕನ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ) ತೋರಿಸಬೇಕು. ಇಪಾಸ್2003ಕ್ಕೆ ಅದು ಇಪಿಎಸ್2003ಸಿಎಸ್‌ಪಿ11.ಡಿಎಲ್‌ಎಲ್. 64 ಬಿಟ್ ಥಂಡರ್‌ಬರ್ಡ್‌ಗೆ 64 ಬಿಟ್ ಕಡತವೇ ಬೇಕು, ಅದು ಇರುವುದು ಸಿಸ್ಟಮ್32ರಲ್ಲಿ. ಸಿಸ್‌ವಾವ್64ರಲ್ಲಿರುವುದು 32 ಬಿಟ್‌ನದು. ಹೆಸರು ತಲೆಕೆಳಗಾಗಿದೆ, ನಿಜ. ಮೈಕ್ರೋಸಾಫ್ಟ್‌ನವರು ಹಾಗೇ ಇಟ್ಟಿದ್ದಾರೆ.

---

ಟೋಕನ್_ಕೀಲಿ

ಇಬ್ಬರಿಗೂ ಧನ್ಯವಾದ. ಕ್ಲಿಯರ್ ಟೆಕ್ಸ್ಟ್ ಟಿಕ್ ಹಾಕಿದ ಮೇಲೆ ಜಿಮೇಲ್‌ನವರಿಗೆ ಬರಹ ಬಂತು. ವಿನ್‌ಮೇಲ್.ಡ್ಯಾಟ್ ಹೋಯಿತು, ಕಾಂಟ್ಯಾಕ್ಟ್‌ನಲ್ಲೇ ರಿಚ್ ಟೆಕ್ಸ್ಟ್ ಇತ್ತು. ಥಂಡರ್‌ಬರ್ಡ್‌ನವರು ರೂಟ್ ಮತ್ತು ಎರಡು ಮಧ್ಯದ ಸರ್ಟಿಫಿಕೇಟ್ ಹಾಕಿದರು. ಈಗ ವಿಳಾಸ ಹೊಂದುತ್ತಿಲ್ಲ ಎಂದು ಬರುತ್ತಿದೆ. ನಾವು ಕಳಿಸುವುದು ಖರೀದಿ ವಿಭಾಗದ ಹಂಚಿಕೆಯ ವಿಳಾಸದಿಂದ, ಡಿಎಸ್‌ಸಿ ಇರುವುದು ವ್ಯವಸ್ಥಾಪಕರ ಹೆಸರಲ್ಲಿ, ಅವರ ಸ್ವಂತ ಕಚೇರಿ ವಿಳಾಸದೊಂದಿಗೆ.

3ನೆಯದು ಇನ್ನೂ ಹಾಗೇ ಇದೆ. ಗಮನಿಸಿದರೆ ಕನ್ನಡದಲ್ಲಿ ಬರೆದ ಮೇಲ್‌ಗಳೇ ಹೆಚ್ಚು ಕೆಡುತ್ತಿವೆ ಅನ್ನಿಸುತ್ತದೆ. ಇದು ಸಾಧ್ಯವೇ?

---

ಚೈನ್_ನೋಡಿ

ವಿಳಾಸದ ವಿಚಾರ: ಎಸ್/ಮೈಮ್ ನಿಯಮದ ಪ್ರಕಾರ ಸರ್ಟಿಫಿಕೇಟ್‌ನಲ್ಲಿ ಇಮೇಲ್ ವಿಳಾಸ ಇದ್ದರೆ ಅದು ಮೇಲ್‌ನ ಫ್ರಮ್ ಅಥವಾ ಸೆಂಡರ್ ಹೆಡರ್‌ಗೆ ಹೊಂದಬೇಕು. ಹಂಚಿಕೆಯ ಪೆಟ್ಟಿಗೆಗೆ ನಿಮಗಿರುವುದು 'ಸೆಂಡ್ ಆ್ಯಸ್' ಅನುಮತಿ ಇರಬೇಕು. ಅದರಲ್ಲಿ ವ್ಯವಸ್ಥಾಪಕರ ವಿಳಾಸ ಎಲ್ಲೂ ಕಾಣುವುದಿಲ್ಲ. 'ಸೆಂಡ್ ಆನ್ ಬಿಹಾಫ್' ಕೊಟ್ಟರೆ ಫ್ರಮ್‌ನಲ್ಲಿ ವಿಭಾಗದ ವಿಳಾಸ, ಸೆಂಡರ್‌ನಲ್ಲಿ ವ್ಯವಸ್ಥಾಪಕರದು. ಹಾಗೆ ಒಂದು ಪರೀಕ್ಷಾ ಮೇಲ್ ಕಳಿಸಿ ನೋಡಿ. ಎಲ್ಲ ಸಾಫ್ಟ್‌ವೇರ್ ಸೆಂಡರ್ ಅನ್ನು ಒಂದೇ ರೀತಿ ಗಣನೆಗೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ತಂಟೆಯೇ ಬೇಡವೆಂದರೆ ಸಹಿ ಮಾಡುವವರು ತಮ್ಮ ಸ್ವಂತ ವಿಳಾಸದಿಂದಲೇ ಕಳಿಸಿ, ರಿಪ್ಲೈ-ಟು ವಿಭಾಗದ್ದು ಇಡುವುದು ಸುಲಭ.

ಯಾರಾದರೂ ರಿಜಿಸ್ಟ್ರಿಯಲ್ಲಿ ಸಪ್ರೆಸ್‌ನೇಮ್‌ಚೆಕ್ಸ್ 1 ಮಾಡಿ ಎಂದು ಹೇಳಿಯೇ ಹೇಳುತ್ತಾರೆ. ಅದು ಆ ಒಂದು ಗಣಕದ ಔಟ್‌ಲುಕ್‌ನ ಬಾಯಿ ಮುಚ್ಚಿಸುತ್ತದೆ, ಎದುರಿನವರ ಥಂಡರ್‌ಬರ್ಡ್‌ನದಲ್ಲ. ಹಾಕಲೇಬೇಕಿದ್ದರೆ ಆ ಹೆಸರಲ್ಲಿ ಪಿ ಅಕ್ಷರ ಒಂದೇ ಎಂಬುದು ನೆನಪಿರಲಿ. ತಪ್ಪು ಕಾಗುಣಿತವೇ ಅಲ್ಲಿ ಅಧಿಕೃತ; ಇಂಗ್ಲಿಷ್ ತಿದ್ದಿ ಬರೆದರೆ ಕೆಲಸ ಮಾಡುವುದಿಲ್ಲ.

ಮುಂದಿನ ಬಾರಿ ಡಿಎಸ್‌ಸಿ ನವೀಕರಿಸುವಾಗ ಸರ್ಟಿಫಿಕೇಟ್‌ನಲ್ಲಿ ಎರಡನ್ನು ಖಚಿತಪಡಿಸಿಕೊಳ್ಳಿ: ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿ ಸರಿಯಾದ ಇಮೇಲ್, ಎನ್‌ಹಾನ್ಸ್ಡ್ ಕೀ ಯೂಸೇಜ್‌ನಲ್ಲಿ ಸೆಕ್ಯೂರ್ ಇಮೇಲ್ (1.3.6.1.5.5.7.3.4). ಅರ್ಜಿ ತುಂಬುವ ಏಜೆಂಟರು ಕೆಲವೊಮ್ಮೆ ತಮ್ಮದೇ ಇಮೇಲ್ ಬರೆದುಬಿಡುತ್ತಾರೆ. ಟೆಂಡರ್, ಜಿಎಸ್‌ಟಿ ಕೆಲಸಕ್ಕೆ ಅದರಿಂದ ತೊಡಕಾಗದು, ಮೇಲ್‌ಗೆ ಬಂದಾಗ ಸಿಕ್ಕಿಬೀಳುತ್ತದೆ.

---

ಪೋಸ್ಟ್‌ಮಾಸ್ಟರ್_5ನೇ_ಅಡ್ಡರಸ್ತೆ

ಕನ್ನಡದಿಂದ ಕೆಡುವುದು ಸಾಧ್ಯ. ತಪ್ಪು ಭಾಷೆಯದ್ದಲ್ಲ, ಮೂಟೆ ಕಟ್ಟಿದ ರೀತಿಯದು.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್, ಎಲ್ಲವೂ 8 ಬಿಟ್‌ನವು. ಒಡಲನ್ನು 8 ಬಿಟ್ ಹಾಗೇ ಇಟ್ಟು ಸಹಿ ಮಾಡಿದರೆ, ದಾರಿಯಲ್ಲಿ 8ಬಿಟ್‌ಮೈಮ್ (8 ಬಿಟ್ ಮೇಲ್ ತೆಗೆದುಕೊಳ್ಳುವ ಸೌಲಭ್ಯ) ಬಾರದ ಒಂದು ಸರ್ವರ್ ಸಿಕ್ಕರೂ ಅದಕ್ಕೆ ಮೇಲ್ ದಾಟಿಸುವ ಸರ್ವರ್ ಒಡಲನ್ನು 7 ಬಿಟ್ ರೂಪಕ್ಕೆ ತಿರುಗಿಸುತ್ತದೆ. ಓದುವವರ ಕಣ್ಣಿಗೆ ಬರಹ ಅಕ್ಷರಶಃ ಅದೇ. ಸಹಿಯ ಲೆಕ್ಕಕ್ಕೆ ಬೈಟ್‌ಗಳೆಲ್ಲ ಬೇರೆ. ಅದಕ್ಕೇ ಸಹಿಗೆ ಮುನ್ನವೇ 7 ಬಿಟ್ ಮಾಡಿರಬೇಕೆಂದು ಆರ್‌ಎಫ್‌ಸಿ 1847 ಹೇಳಿರುವುದು. ಬರೀ ಇಂಗ್ಲಿಷ್ ಮೇಲ್ ಹೇಗೂ 7 ಬಿಟ್, ಹಾಗಾಗಿ ತೊಂದರೆ ಕಾಣುವುದಿಲ್ಲ.

ಪರೀಕ್ಷೆ: ಕೆಟ್ಟ ಮೇಲ್‌ನ ಮೂಲ ತೆರೆದು ಒಳಭಾಗದ ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್ ನೋಡಿ. ಸೆಂಟ್ ಐಟಮ್ಸ್‌ನಲ್ಲಿರುವ ಪ್ರತಿಯೊಂದಿಗೆ ಹೋಲಿಸಿ. ಎರಡೂ ಕಡೆ ಬೇಸ್64 ಅಥವಾ ಕೋಟೆಡ್-ಪ್ರಿಂಟಬಲ್ ಇರಬೇಕು. ಕನ್ನಡಕ್ಕೆ ಬೇಸ್64 ಮೇಲು: 3 ಬೈಟ್‌ಗೆ 4 ಅಕ್ಷರ. ಕೋಟೆಡ್-ಪ್ರಿಂಟಬಲ್‌ನಲ್ಲಿ ಒಂದೊಂದು ಬೈಟೂ ಸಮಚಿಹ್ನೆ ಮತ್ತು ಎರಡು ಅಂಕಿ-ಅಕ್ಷರ ಸೇರಿ ಮೂರಾಗುತ್ತದೆ, ಅಂದರೆ 'ಕ' ಒಂದಕ್ಕೇ 9 ಅಕ್ಷರ. ಔಟ್‌ಲುಕ್‌ನಲ್ಲಿ ಫೈಲ್ > ಆಪ್ಷನ್ಸ್ > ಅಡ್ವಾನ್ಸ್ಡ್ > ಇಂಟರ್‌ನ್ಯಾಷನಲ್ ಆಪ್ಷನ್ಸ್‌ನಲ್ಲಿ ಹೊರಹೋಗುವ ಎನ್‌ಕೋಡಿಂಗ್ ಯೂನಿಕೋಡ್ ಯುಟಿಎಫ್-8 ಎಂದು ಸ್ಥಿರ ಮಾಡಿಬಿಡಿ. ಔಟ್‌ಲುಕ್‌ಗಿಂತ ಇಲ್ಲಿ ಎಡವುವುದು ಬಿಲ್ಲಿಂಗ್ ತಂತ್ರಾಂಶಗಳು, ಸ್ವಂತವಾಗಿ ಬರೆದ ಸ್ಕ್ರಿಪ್ಟ್‌ಗಳು: 8 ಬಿಟ್ ಒಡಲಿಗೆ, ಅದೂ ಸಾಲಿನ ಕೊನೆಗೆ ಸಿಆರ್‌ಎಲ್‌ಎಫ್ ಬದಲು ಬರೀ ಎಲ್‌ಎಫ್ ಇಟ್ಟು ಸಹಿ ಮಾಡಿ ಕಳಿಸುತ್ತವೆ.

ಆದರೆ ಭಾಷೆಯ ಮೇಲೆ ಅನುಮಾನ ಪಡುವ ಮುಂಚೆ ಅಡಿಬರಹಗಳನ್ನು ನೋಡಿ. 'ಈ ಮೇಲ್ ಗೌಪ್ಯ, ತಪ್ಪಿ ಬಂದಿದ್ದರೆ ಅಳಿಸಿ' ಎಂದು ಸರ್ವರ್ ಕೊನೆಗೆ ಅಂಟಿಸುವ ಸಾಲು, ಆಂಟಿವೈರಸ್ ಸೇರಿಸುವ 'ಪರಿಶೀಲಿಸಲಾಗಿದೆ' ಸಾಲು, ಹೊರಗಿನ ಮೇಲ್ ಎಂಬ ಹಳದಿ ಪಟ್ಟಿ, ಲಿಂಕ್‌ಗಳನ್ನು ತನ್ನ ವಿಳಾಸಕ್ಕೆ ಬದಲಿಸುವ ಭದ್ರತಾ ಗೇಟ್‌ವೇ. ಎಲ್ಲವೂ ಅರಗಿನ ಮುದ್ರೆ ಒತ್ತಿದ ಲಕೋಟೆಯನ್ನು ಬಿಚ್ಚಿ ಒಳಗೊಂದು ಚೀಟಿ ಇಟ್ಟ ಹಾಗೆ. ಬಿಡಿ ಸಹಿ ಬಗೆಯಲ್ಲಿ ಇವು ಬಹಳ ಸುಲಭವಾಗಿ ಒಳನುಗ್ಗುತ್ತವೆ, ಗಂಟಿನ ಬಗೆಯಲ್ಲಿ ನುಗ್ಗುವುದು ಕಷ್ಟ. ಗಂಟಿಗೆ ಇರುವ ಒಂದೇ ಒಳ್ಳೆಯ ಗುಣ ಅದು. ನೀವು ಮೊದಲು ಗಂಟು ಕಳಿಸುತ್ತಿದ್ದಿರಿ, ಈಗ ಬಿಡಿ ಸಹಿ; ಆದ್ದರಿಂದ ಇನ್ನು ಮುಂದೆ 3ನೆಯ ದೂರು ಹೆಚ್ಚಿದರೆ ಆಶ್ಚರ್ಯಪಡಬೇಡಿ, ಈ ಕೆಲಸವನ್ನು ಈಗಲೇ ಮಾಡಿ.

ಎಕ್ಸ್‌ಚೇಂಜ್‌ನ ಟ್ರಾನ್ಸ್‌ಪೋರ್ಟ್ ನಿಯಮದಲ್ಲಿ ಅಡಿಬರಹ ಸೇರಿಸುತ್ತಿದ್ದರೆ ಆ ನಿಯಮಕ್ಕೆ ಎಕ್ಸೆಪ್ಶನ್ ಕೊಡಿ: ಮೆಸೇಜ್ ಟೈಪ್ ಸೈನ್ಡ್ ಆಗಿದ್ದರೆ ಬೇಡ. ಫಾಲ್‌ಬ್ಯಾಕ್ ಆ್ಯಕ್ಷನ್ 'ಇಗ್ನೋರ್' ಇರಲಿ. 'ರ‍್ಯಾಪ್' ಇದ್ದರೆ ಅಡಿಬರಹ ಸೇರಿಸಲಾಗದ ಮೇಲ್ ಅನ್ನು ಹೊಸದೊಂದು ಮೇಲ್‌ನೊಳಗೆ ಲಗತ್ತು ಮಾಡಿ ಕಳಿಸುತ್ತದೆ. ಎದುರಿನ ಕಂಪನಿಯ ಗೇಟ್‌ವೇ ಕೆಡಿಸುತ್ತಿದ್ದರೆ ಅವರ ಅಡ್ಮಿನ್ ನಿಮ್ಮ ಡೊಮೈನ್‌ನ ಸಹಿಯ ಮೇಲ್‌ಗೆ ವಿನಾಯಿತಿ ಕೊಡಬೇಕು, ಬೇರೆ ದಾರಿಯಿಲ್ಲ. ವಿಷಯದ ಸಾಲಿಗೆ 'ಹೊರಗಿನದು' ಎಂದು ಸೇರಿಸಿದರೆ ಅಡ್ಡಿಯಿಲ್ಲ, ಏಕೆಂದರೆ ಸಾಮಾನ್ಯ ಎಸ್/ಮೈಮ್ ಸಹಿ ಸಬ್ಜೆಕ್ಟ್ ಅನ್ನು ಕಾಯುವುದಿಲ್ಲ. ಹಾಗಾಗಿ ಮೊತ್ತ, ಆದೇಶ ಸಂಖ್ಯೆಯನ್ನು ಸಬ್ಜೆಕ್ಟ್‌ನಲ್ಲಿ ಮಾತ್ರ ಬರೆದು ಒಡಲಲ್ಲಿ 'ಮೇಲಿನಂತೆ' ಎನ್ನಬೇಡಿ.

ಕೆಟ್ಟದ್ದು ಬರಹವೋ ಸರಪಳಿಯೋ ಎಂದು ತೀರ್ಮಾನಿಸಲು ಓಪನ್‌ಎಸ್‌ಎಸ್‌ಎಲ್ ಎಂಬ ಆಜ್ಞಾಸಾಲಿನ ಉಪಕರಣ ಚೆನ್ನ. .ಇಎಮ್‌ಎಲ್ ಕಡತವನ್ನು ಅದರ ಸಿಎಮ್‌ಎಸ್ ಆಜ್ಞೆಗೆ ವೆರಿಫೈ ಆಯ್ಕೆಯೊಂದಿಗೆ ಕೊಡಿ. ಒಮ್ಮೆ ಸಿಎಫೈಲ್ ಆಯ್ಕೆಯಲ್ಲಿ ರೂಟ್ ತೋರಿಸಿ, ಇನ್ನೊಮ್ಮೆ ನೋ-ಸೈನರ್-ಸರ್ಟ್-ವೆರಿಫೈ ಆಯ್ಕೆ ಹಾಕಿ. ಎರಡನೆಯದು ಸರಪಳಿಯನ್ನು ಬಿಟ್ಟು ಬರಹ ಮತ್ತು ಸಹಿಯನ್ನಷ್ಟೇ ನೋಡುತ್ತದೆ. ಅದು ಪಾಸಾಗಿ ಮೊದಲನೆಯದು ಫೇಲಾದರೆ ರೂಟ್ ಅಥವಾ ಮಧ್ಯದ ಕೊಂಡಿ ಇಲ್ಲ. ಎರಡೂ ಫೇಲಾದರೆ ದಾರಿಯಲ್ಲಿ ಯಾರೋ ಕೈಯಾಡಿಸಿದ್ದಾರೆ. ಪರೀಕ್ಷೆಗೆ ಮೇಲ್ ತರಿಸಿಕೊಳ್ಳುವಾಗ ಎದುರಿನವರು ಅಟ್ಯಾಚ್‌ಮೆಂಟ್ ಆಗಿ ಫಾರ್ವರ್ಡ್ ಮಾಡಬೇಕು. ಮಾಮೂಲಿ ಫಾರ್ವರ್ಡ್‌ನಲ್ಲಿ ಸಹಿ ಉಳಿಯುವುದಿಲ್ಲ.

---

ಕಿಟಕಿ_ಸೀಟು

ಪಿಜಿಪಿ (ಸಿಎ ಬೇಡದ ಇನ್ನೊಂದು ಸಹಿ ಪದ್ಧತಿ) ಬಳಸಿದರೆ ಈ ರೂಟ್ ರಗಳೆ ಇರುವುದಿಲ್ಲವಲ್ಲ? ಥಂಡರ್‌ಬರ್ಡ್‌ನಲ್ಲಿ ಒಳಗೇ ಇದೆ. ಜೊತೆಗೆ, ಮೊಬೈಲ್‌ನಿಂದ ಸಹಿ ಹಾಕಲು ದಾರಿ ಇದೆಯೇ?

---

ಹೆಡರ್_ಓದುಗ

ಥಂಡರ್‌ಬರ್ಡ್ 78ರಿಂದ, ಅಂದರೆ 2020ರಿಂದ, ಓಪನ್‌ಪಿಜಿಪಿ ಒಳಗೇ ಇದೆ, ಸರಿ. ಔಟ್‌ಲುಕ್‌ನಲ್ಲಿ ಇಲ್ಲ, ಜಿಪಿಜಿ4ವಿನ್ ಹಾಕಬೇಕು. ಜಿಮೇಲ್‌ನಲ್ಲಿ ಸಿಗ್ನೇಚರ್.ಎಎಸ್‌ಸಿ ಎಂಬ ಇನ್ನೊಂದು ಅಪರಿಚಿತ ಲಗತ್ತು. ರೂಟ್ ರಗಳೆ ಹೋಗಿ ಪ್ರತಿಯೊಬ್ಬರ ಕೀಲಿಯ ಬೆರಳಚ್ಚನ್ನು ಫೋನಿನಲ್ಲಿ ಕೇಳಿ ತಾಳೆ ಹಾಕುವ ರಗಳೆ ಬರುತ್ತದೆ. ಖರೀದಿ ಆದೇಶಕ್ಕೆ ನಾನಂತೂ ಹೇಳುವುದಿಲ್ಲ: ಪಿಜಿಪಿ ಕೀಲಿಯ ಹಿಂದೆ ಲೈಸೆನ್ಸ್ ಪಡೆದ ಸಿಎ ಇಲ್ಲ, ನಾಳೆ ತಕರಾರು ಬಂದರೆ ಡಿಎಸ್‌ಸಿಗೆ ಐಟಿ ಕಾಯಿದೆಯಲ್ಲಿರುವ ಬಲ ಅದಕ್ಕೆ ಸಿಗುವುದಿಲ್ಲ.

ಮೊಬೈಲ್: ಟೋಕನ್‌ನೊಳಗಿನ ಖಾಸಗಿ ಕೀಲಿ ಹೊರಗೆ ಬರುವುದಿಲ್ಲ, ಬರಬಾರದೆಂದೇ ಅದನ್ನು ಮಾಡಿರುವುದು. ಐಫೋನಿನ ಮೇಲ್ ಎಸ್/ಮೈಮ್ ಸಹಿ ಹಾಕಬಲ್ಲದು, ಆದರೆ ಖಾಸಗಿ ಕೀಲಿ ಸೇರಿರುವ .ಪಿ12 ಕಡತ ಕೇಳುತ್ತದೆ. ನಿಮ್ಮ ಬಳಿ ಅದು ಇರುವುದಿಲ್ಲ. ಗೂಗಲ್ ವರ್ಕ್‌ಸ್ಪೇಸ್‌ನ ದುಬಾರಿ ಯೋಜನೆಗಳಲ್ಲಿರುವ ಹೋಸ್ಟೆಡ್ ಎಸ್/ಮೈಮ್ ಕೂಡ ಅದನ್ನೇ ಕೇಳುತ್ತದೆ. ಅಲ್ಲಿ ಒಂದು ಅನುಕೂಲವಿದೆ, ಅಡ್ಮಿನ್ ಹೆಚ್ಚುವರಿ ರೂಟ್ ಸೇರಿಸಬಹುದು. ನಿಮ್ಮಿಂದ ಮೇಲ್ ಪಡೆಯುವ ದೊಡ್ಡ ಗ್ರಾಹಕರು ಆ ಯೋಜನೆಯಲ್ಲಿದ್ದರೆ ಕೇಳಿ ನೋಡಿ. ಆಂಡ್ರಾಯ್ಡ್‌ನಲ್ಲಿ ಬಂದ ಸಹಿಯನ್ನು ಪರಿಶೀಲಿಸಬೇಕಿದ್ದರೆ ಫೇರ್‌ಇಮೇಲ್ ಎಸ್/ಮೈಮ್ ಓದುತ್ತದೆ. ಉಚಿತ ಜಿಮೇಲ್ ಆ್ಯಪ್ ಓದುವುದಿಲ್ಲ. ಜಿಮೇಲ್‌ನಲ್ಲಿ ಕಾಣುವ 'ಸೈನ್ಡ್-ಬೈ' ಸಾಲನ್ನು ನಿಮ್ಮ ಸಹಿ ಎಂದುಕೊಳ್ಳಬೇಡಿ, ಅದು ಡೊಮೈನ್ ಪರವಾಗಿ ಸರ್ವರ್ ಹಾಕುವ ಡಿಕೆಐಎಮ್ ಎಂಬ ಬೇರೆ ಸಹಿ.

ಟೋಕನ್_ಕೀಲಿಯವರಿಗೆ ಒಂದು ಮಾತು. ನಿಮ್ಮಿಂದ ಪಡೆಯುವವರಲ್ಲಿ ಉಚಿತ ಜಿಮೇಲ್‌ನವರೇ ಹೆಚ್ಚಿದ್ದರೆ, ಮೇಲ್‌ನ ಸಹಿಯನ್ನು ಅವರು ಎಂದೂ ಪರಿಶೀಲಿಸುವುದಿಲ್ಲ. ಪಿ7ಎಸ್ ಲಗತ್ತನ್ನು ನೋಡಿ ವೈರಸ್ ಎಂದು ಫೋನ್ ಮಾಡುವವರೂ ಇರುತ್ತಾರೆ. ಅವರಿಗೆ ಆದೇಶವನ್ನು ಪಿಡಿಎಫ್ ಮಾಡಿ ಅದೇ ಟೋಕನ್‌ನಿಂದ ಪಿಡಿಎಫ್‌ನೊಳಗೇ ಸಹಿ ಹಾಕಿ. ಯಾವ ಗೇಟ್‌ವೇ ಅಡಿಬರಹ ಅಂಟಿಸಿದರೂ ಒಳಗಿನ ಸಹಿ ಅಲುಗಾಡುವುದಿಲ್ಲ.

---

ಟೋಕನ್_ಕೀಲಿ

3ನೆಯದು ಸಿಕ್ಕಿತು. ನಮ್ಮ ಸರ್ವರ್‌ನ ಗೌಪ್ಯತೆಯ ಅಡಿಬರಹವೇ, ಓಪನ್‌ಎಸ್‌ಎಸ್‌ಎಲ್‌ನ ಎರಡು ಆಯ್ಕೆಯೂ ಫೇಲಾಗಿತ್ತು. ಕನ್ನಡದ್ದು ಕಾಕತಾಳೀಯ: ಆ ನಿಯಮ ಹೊರಗಿನ ಮೂರು ಡೊಮೈನ್‌ಗಳಿಗೆ ಮಾತ್ರ ಇತ್ತು, ಅವರಿಗೇ ಕನ್ನಡದಲ್ಲಿ ಬರೆಯುತ್ತಿದ್ದೆವು. ಎಕ್ಸೆಪ್ಶನ್ ಕೊಟ್ಟ ಮೇಲೆ ಕೆಂಪು ಪಟ್ಟಿ ಬಂದಿಲ್ಲ. ಸೆಂಡ್ ಆನ್ ಬಿಹಾಫ್ ಮೇಲ್ ಅನ್ನು ಥಂಡರ್‌ಬರ್ಡ್ ಒಪ್ಪಿತು, ಇನ್ನೊಬ್ಬರ ಫೋನಿನ ಮೇಲ್ ಆ್ಯಪ್ ಒಪ್ಪಲಿಲ್ಲ, ಆದ್ದರಿಂದ ವ್ಯವಸ್ಥಾಪಕರ ವಿಳಾಸದಿಂದಲೇ ಕಳಿಸುತ್ತಿದ್ದೇವೆ.